ಬೆಣ್ಣೆಯ ಪಕ್ಕದ ಜೇಡ

ಸೆಪ್ಟೆಂಬರ್ 14, ಭಾನುವಾರ. ಆಲ್ಬನಿ, ಪಶ್ಚಿಮ ಆಸ್ಟ್ರೇಲಿಯಾ.

ಚಹಾಕ್ಕೆ ಹಾಲು ಬೇಕೆಂದು ಬೆವನ್ ಮನೆಯ ಫ್ರಿಜ್ ತೆಗೆದೆ. ಬೆಣ್ಣೆಯ ಪಕ್ಕದ ಮೊಸರಿನ ಡಬ್ಬಿಯಲ್ಲಿ ಅಕ್ಕಿಕಾಳಿನಷ್ಟು ನವಿಲುಜೇಡವೊಂದು ಕಾಲು ಮುದುಡಿ ಬಿದ್ದಿತ್ತು. ನಮ್ಮ ಛಾಯಾಗ್ರಹಣ ಸಂಘದ ಸ್ಪರ್ಧೆಗೆ ಅವನು ಕಳಿಸಿದ ‘ಕಾಡಿನಲ್ಲಿ ಕಂಡಂತೆ’ ಚಿತ್ರಗಳ ಗುಟ್ಟು ಇದು. ತೀರ್ಪುಗಾರ್ತಿ ನಾನು.

“ಸತ್ತಿಲ್ಲ ಕಣೇ, ಚಳಿಗೆ ಮಲಗಿದೆ. ಓಡಾಡ್ತಿದ್ರೆ ಫೋಕಸ್ ಎಲ್ಲಿ ಸಿಗತ್ತೆ?” ಎಂದ.

“ಹುಲ್ಲಲ್ಲಿ ಬೋರಲು ಮಲಗಿ ಕಾದ್ರೆ ಸಿಗತ್ತೆ.”

“ಇವ್ರಿಗೆ ಮಂಡಿನೋವು, ಬಿಡೇ,” ಎಂದಳು ಅವನ ಹೆಂಡತಿ ನೊಲೀನ್.

ಮಂಡಿನೋವಿದ್ದವನು ಗುಲಾಬಿಯ ಚಿತ್ರ ತೆಗೆಯಲಿ. ಅದು ಓಡುವುದಿಲ್ಲ.

ಡಬ್ಬಿಯನ್ನು ಹಿತ್ತಲ ಬಿಸಿಲಿಗೆ ಒಯ್ದು ಜೇಡವನ್ನು ನೆಲಕ್ಕೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಎದ್ದು, ಬೆನ್ನಿನ ಬಣ್ಣದ ಬೀಸಣಿಗೆ ಬಿಚ್ಚಿ, ಕಾಲೆತ್ತಿ ಕುಣಿಯಿತು. ಹೆಣ್ಣುಜೇಡವನ್ನು ಒಲಿಸುವ ಕುಣಿತ ಅದು. ಆದರೆ ಹೆಣ್ಣಿರಲಿಲ್ಲ, ಎದುರಿಗಿದ್ದದ್ದು ಬೆವನ್‌ನ ಚಪ್ಪಲಿ.

“ಅರೆ, ನಿಜವಾಗ್ಲೂ ಕುಣಿಯತ್ತಾ!”

ವರ್ಷಗಟ್ಟಲೆ ನವಿಲುಜೇಡದ ಚಿತ್ರ ತೆಗೆದ ಮನುಷ್ಯನ ಮಾತಿದು. ಕ್ಯಾಮೆರಾ ತರಲು ಓಡಿದ ಓಟದಲ್ಲಿ ಮಂಡಿನೋವಿನ ಸುಳಿವೇ ಇರಲಿಲ್ಲ. ಬರುವಷ್ಟರಲ್ಲಿ ಜೇಡ ಹುಲ್ಲಿಗೆ ಸೇರಿತ್ತು.

“ಡಬ್ಬಿ ಮುಚ್ಚಿ ಹಿಡಿದಿಡೋಕೆ ಆಗ್ಲಿಲ್ವಾ ನಿಂಗೆ?” ಎಂದು ನನ್ನನ್ನೇ ಬೈದ.

ಅವನ ಚಿತ್ರಗಳನ್ನು ಸ್ಪರ್ಧೆಯಿಂದ ತೆಗೆದುಹಾಕಿದ್ದೇನೆ. ನಾಳೆ ಬೆಳಗಾದರೆ ನೊಲೀನ್ ಫೋನ್ ಮಾಡುತ್ತಾಳೆ. ಮಾಡಲಿ. ಆ ಚಹಾಕ್ಕೆ ಕೊನೆಗೂ ಹಾಲು ಬೀಳಲಿಲ್ಲ.