ಗುಡಿಸದ ಅಂಗಳ

ನನ್ನ ಬಾಯಿಬಡುಕಿ ಮಗಳಿಗೆ,

ಮುಖ ನೋಡಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆದಿಟ್ಟು ಕೆಲಸಕ್ಕೆ ಹೊರಟಿದ್ದೇನೆ.

ರಾತ್ರಿಯ ದೀಪಗಳಿಂದ ದಾರಿತಪ್ಪಿ ವಲಸೆ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ, ದೀಪ ಆರಿಸಿ ಎಂದು ನೀನು ನಿನ್ನೆ ನಾನು ಗುಡಿಸುವ ಕಟ್ಟಡದ ಸಭೆಯಲ್ಲಿ ಬೇಡಿಕೊಂಡೆ. "ಇಲ್ಲಿ ಒಂದಾದ್ರೂ ಸತ್ತಿದ್ದು ಯಾರಾದ್ರೂ ನೋಡಿದ್ದೀರೇನ್ರೀ?" ಎಂದರು ಮ್ಯಾನೇಜರ್. ಎಲ್ಲರೂ ನಕ್ಕರು. ನೀನು ಬಾಗಿಲಲ್ಲಿದ್ದ ನನ್ನತ್ತ ನೋಡಿದೆ. ನಾನು ಪೊರಕೆ ನೋಡಿಕೊಂಡೆ.

ಬೆಳಿಗ್ಗೆ ಮ್ಯಾನೇಜರ್ ಬರುವಷ್ಟರಲ್ಲಿ ನಾನು ದಿನಾ ಆ ಹಕ್ಕಿಗಳನ್ನು ಗುಡಿಸಿ ಚೀಲಕ್ಕೆ ತುಂಬಿರುತ್ತೇನೆ. ಕೆಲವು ಇನ್ನೂ ಬೆಚ್ಚಗಿರುತ್ತವೆ. "ಅಂಗಳ ಕನ್ನಡಿ ಥರ ಇಟ್ಟಿದ್ದೀಯಮ್ಮ" ಎಂದು ಅವರು ಹೊಗಳಿದಾಗ ಹಿಗ್ಗಿದ್ದೆ.

ಇವತ್ತು ಗುಡಿಸುವುದಿಲ್ಲ. ಅವರು ಬರುವ ಹೊತ್ತಿಗೆ ನೀನೂ ಬಾ. ತಿಂಡಿ ಆಮೇಲೆ ತಿನ್ನು, ಮೊದಲೇ ತಿಂದರೆ ಹೊಟ್ಟೆಯಲ್ಲಿ ನಿಲ್ಲದು. ನಿನ್ನೆ ಅವರು ಕೇಳಿದ್ದನ್ನು ಎಲ್ಲರ ಮುಂದೆ ನನ್ನನ್ನೇ ಕೇಳು.

ಅಂಗಳದಲ್ಲೇ ಇರುತ್ತೇನೆ,
ಅಮ್ಮ