ದೋಣಿಯ ಬಿರಡೆ ಮತ್ತು ಅಪ್ಪನ ಕನ್ನಡಕ

ಅಪ್ಪಾ,

ನಾನು ಮುಂಚೆಯೇ ಕೆರೆಗೆ ಹೋಗಿ ನೆರಳಿನ ಜಾಗ ಹಿಡಿದಿರುತ್ತೇನೆ. ಮಾವನ ಜೀಪಿಗೆ ದೋಣಿ ಕಟ್ಟಿಕೊಂಡು ನೀವೂ ಅಮ್ಮನೂ ಬನ್ನಿ. ದೋಣಿಯನ್ನು ಮತ್ತೆ ಒರೆಸಬೇಡಿ. ಹೊಸ ಅಲ್ಯೂಮಿನಿಯಂ ಸಾಕಷ್ಟು ಹೊಳೆಯುತ್ತಿದೆ, ನನ್ನ ಟವೆಲ್ಲೇ ಕಪ್ಪಾಗಿದೆ.

ಹೋದ ಭಾನುವಾರ ತಳದ ತೂತಿಗೆ ಹಾಕುವ ಬಿರಡೆಯನ್ನು ಜೇಬಿನಲ್ಲೇ ಇಟ್ಟುಕೊಂಡು, ಕೆರೆಯ ನಡುವೆ ಸುರಕ್ಷತೆಯ ಬಗ್ಗೆ ಭಾಷಣ ಮಾಡಿದಿರಿ. ಮೀನುಗಳು ಭಾಷಣಕ್ಕೇ ಓಡಿಹೋದವು. ಅಮ್ಮನ ಚಪ್ಪಲಿ ದೋಣಿಯೊಳಗೇ ತೇಲಿತು. "ಮನೇಲಿ ಪಾತ್ರೆಗೇನು ಬರ ಬಂದಿತ್ತಾ, ಇಷ್ಟು ದೊಡ್ಡ ತೂತು ಪಾತ್ರೆ ತಂದ್ರಿ?" ಎಂದವಳು ಇವತ್ತು ಬರಲು ಒಪ್ಪಿದ್ದೇ ಹೆಚ್ಚು. ಮತ್ತೆ ಕಾಲು ಒದ್ದೆಯಾದರೆ ಅವಳು ಇನ್ನೆಂದೂ ದೋಣಿ ಹತ್ತುವುದಿಲ್ಲ. ಆಮೇಲೆ ನಿಮ್ಮ ಮಾತೆಲ್ಲ ನನ್ನೊಬ್ಬಳ ಪಾಲಿಗೆ. ಮೀನುಗಳಂತೆ ನನಗೂ ಮೌನ ಬೇಕು, ಆದರೆ ನನಗೆ ಓಡಿಹೋಗಲು ಜಾಗವಿರುವುದಿಲ್ಲ.

ಅದಕ್ಕೇ ಬಿರಡೆಯನ್ನು ನಿಮ್ಮ ಕನ್ನಡಕದ ದಾರಕ್ಕೆ ಕಟ್ಟಿದ್ದೇನೆ. ಕನ್ನಡಕವನ್ನೂ ನೀವು ಮರೆಯುತ್ತೀರೆಂದು ಎರಡನ್ನೂ ಅಮ್ಮನ ಕೈಚೀಲದಲ್ಲಿ ಹಾಕಿದ್ದೇನೆ. ಬಿರಡೆಯನ್ನು ಅವಳೇ ಬಿಗಿಯುತ್ತಾಳಂತೆ. ಷರತ್ತು ಒಂದೇ: ಆಚೆ ದಡ ಮುಟ್ಟುವ ತನಕ ನೀವು ಬಾಯಿ ಬಿಡಬಾರದು.

ಕನ್ನಡಕವಿಲ್ಲದೆ ಈ ಚೀಟಿ ಓದಲಾಗದಿದ್ದರೆ ಅಮ್ಮನ ಕೈಗೆ ಕೊಡಿ. ಗಟ್ಟಿಯಾಗಿ ಓದಿ ಹೇಳುತ್ತಾಳೆ, ಷರತ್ತನ್ನು ಎರಡು ಸಲ.