ಅಕ್ಕನ ಕೈಯೊಳಗಿನ ಬನ್ನಿ

ಅಕ್ಟೋಬರ್ ೬, ಬೆಳಿಗ್ಗೆ
ಚಹಾ. ಬಯೋಕೆಮಿಸ್ಟ್ರಿ ಉತ್ತರಪತ್ರಿಕೆ ಇನ್ನೂ ಅರ್ಧ ಬಾಕಿ. ಖಾನಾಪುರದಿಂದ ಅಕ್ಕನ ಪಕ್ಕದ ಮನೆಯ ಅಲಕಾಳ ಫೋನ್.
"ಸರ್, ಶಿವಬಸವ್ವಕ್ಕಾರು ಕಣ್ಣ ತೆರೀವಲ್ರು. ರಾತ್ರಿ ಭಜನಿಗೆ ಕುಂತಿದ್ರಲ್ಲ, ನಿದ್ದಿ ಇರಬೇಕಂತ ಬಿಟ್ಟಿದ್ವಿ. ಈಗ ಮಾತೂ ತೊದಲಾಕತ್ತೈತ್ರಿ."
ನವರಾತ್ರಿ ವ್ರತ. ಒಂಬತ್ತು ದಿನವೂ ನೆಲದ ಮೇಲೆ ಮಲಗುವುದು. ಚಾಪೆ ಎತ್ತಿ ನೋಡಿ ಎಂದೆ. ಚೀರಿದಳು. ಮಣ್ಯಾರ, ಅಂದರೆ ಕಟ್ಟುಹಾವು — ಕಪ್ಪು ಮೈ, ಬಿಳಿ ಪಟ್ಟಿ; ನಿದ್ದೆಯಲ್ಲಿ ಕಚ್ಚಿದರೆ ನೋವೂ ಗೊತ್ತಾಗುವುದಿಲ್ಲ...

ಸಂಜೆ, ಆಸ್ಪತ್ರೆ, ಬೆಳಗಾವಿ
ವೆಂಟಿಲೇಟರ್. ಪ್ರತಿವಿಷ ಕೊಟ್ಟಾಗಿದೆ. ರಕ್ತದಲ್ಲಿ ಉಳಿದ ವಿಷವನ್ನಷ್ಟೇ ಅದು ಹಿಡಿಯುತ್ತದೆ ಎಂದರು ಡಾಕ್ಟರ್ ರಸಿಕಾ. ವಿಷದ ಕಿಣ್ವ ನರದ ತುದಿಯ ಪೊರೆಯನ್ನು, ಆ ಕೊಬ್ಬಿನ ತೆಳು ಹೊದಿಕೆಯನ್ನು, ಆಗಲೇ ಸೀಳಿದೆ. ತುದಿ ಮತ್ತೆ ಬೆಳೆಯಬೇಕು. ಕಾಯಬೇಕು.
ಗೊತ್ತು. ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ: ಫಾಸ್ಫೊಲಿಪೇಸ್, ಒಂದು ಬಾಣ, ಒಡೆದ ಕೊಬ್ಬು. ಬಾಣದ ಆಚೆ ಯಾರೂ ಮಲಗಿರುತ್ತಿರಲಿಲ್ಲ.

ಅಕ್ಟೋಬರ್ ೮
ಟಾರ್ಚ್ ಬಿಟ್ಟರೂ ಕಣ್ಣಿನ ಪಾಪೆ ಕದಲುವುದಿಲ್ಲ. ತಮ್ಮಣ್ಣ ಕಾಕಾ ಬಂದರು.
"ಇನ್ನೇನ ಉಳದೈತಿ ತಮ್ಮಾ? ಮಷೀನ್ ತಗಸು. ಮನಿಗೆ ಒಯ್ಯೂಣು."
"ಪಾಪೆಯ ನರಾನೂ ಬಂದ್ ಆಗ್ಯಾವ, ಮೆದುಳಲ್ಲ," ಎಂದರು ರಸಿಕಾ. "ಅವರಿಗೆ ಎಲ್ಲಾ ಕೇಳಸ್ತದ್ರಿ. ನೋಡಿ ಮಾತಾಡ್ರಿ."
ಕಾಕಾ ನಂಬಲಿಲ್ಲ. ಹಾಸಿಗೆಗೆ ಬಾಗಿ ಅತ್ತರು. "ನಿನ್ನ ದೀಪಾವಳಿ ಕರಚಿಕಾಯಿ ಕಲ್ಲಿನಂಗ ಇರ್ತಿದ್ವು ಶಿವಬಸೂ... ಆದ್ರೂ ತಿಂದೀವಿ ನೋಡವಾ."
ಮಷೀನ್ ತೆಗೆಸಲು ನಾನು ಒಪ್ಪಲಿಲ್ಲ. ಧೈರ್ಯದಿಂದಲ್ಲ. ಪಾಠ ಸುಳ್ಳಾಗಬಾರದು, ಅಷ್ಟೇ.

ಅಕ್ಟೋಬರ್ ೧೨
ದಸರೆ. ಐಸಿಯು ಒಳಗೆ ಎಲೆ ತರುವಂತಿಲ್ಲ. ನರ್ಸ್ ಕಿಟಕಿಯ ಕಡೆ ತಿರುಗಿ ನಿಂತಳು. ಪ್ರತಿ ವರ್ಷದಂತೆ ಅಕ್ಕನ ಅಂಗೈಗೆ ಬನ್ನಿ ಇಟ್ಟು ಕಾಲು ಮುಟ್ಟಿದೆ. ಎದ್ದು ನೋಡಿದರೆ ಎಲೆ ಕಾಣಲಿಲ್ಲ.
ಬೆರಳು ಮುಚ್ಚಿದ್ದವು. ಪೂರ್ತಿಯಲ್ಲ. ಸಾಕು.

ಅಕ್ಟೋಬರ್ ೧೯
ಗಂಟಲಿನ ನಳಿಗೆ ತೆಗೆದಾಗಿದೆ. ರೆಪ್ಪೆ ಅರ್ಧ ಏಳುತ್ತದೆ. ಕಾಕಾ ಎಳನೀರು ಹಿಡಿದು ಬಂದರು. ಅಕ್ಕನ ದನಿ ಒಡಕು.
"ಕಾಕಾ, ಕರಚಿಕಾಯಿ ಕಲ್ಲಾಗಿದ್ವೇನ?"
ಎಳನೀರು ಮೇಜಿನ ಮೇಲಿಟ್ಟರು. "ಕೇಳಸ್ತೇನವಾ?"
"ಮನಿಗೆ ಒಯ್ಯೂಣು ಅಂದದ್ದೂ ಕೇಳಸ್ತು."
ಕಾಕಾ ಎಳನೀರನ್ನು ಮತ್ತೆ ಕೈಗೆತ್ತಿಕೊಂಡರು. ಅಕ್ಕನೇ ಮುಂದುವರಿಸಿದಳು.
"ದೀಪಾವಳಿಗೆ ಬರ್ರಿ. ಹಲ್ಲು ಗಟ್ಟಿ ಮಾಡ್ಕೊಂಡ ಬರ್ರಿ."
ಮೊದಲು ನಕ್ಕವರು ಕಾಕಾನೇ. ಆಮೇಲೆ ಅತ್ತರು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಅಕ್ಟೋಬರ್ ೨೨, ಮನೆ
ಉಳಿದ ಉತ್ತರಪತ್ರಿಕೆ. ಒಬ್ಬಳು ಬರೆದಿದ್ದಾಳೆ: ಪೊರೆ ಒಡೆದರೆ ನರ ಸತ್ತಂತೆ. ಕೆಂಪು ಪೆನ್ನಿನಲ್ಲಿ 'ತುದಿ ಮಾತ್ರ' ಎಂದು ಬರೆದೆ. ಫೋನ್. ಅಕ್ಕನ ನಂಬರ್. ತಾನೇ ಒತ್ತಿರಬೇಕು, ತನ್ನದೇ ಬೆರಳಿನಿಂದ —